ಬ್ರೇಕ್ ಒತ್ತಿದಾಗ ಪಿಕಪ್ ಒಂದು ಪಕ್ಕಕ್ಕೆ ಎಳೆಯುವುದೇಕೆ?

ತೋಟದ ಮನೆಗಳಲ್ಲಿ ಇಂದು ಪಿಕಪ್ ವಾಹನವು ಏಣಿ, ದೋಟಿ, ಕತ್ತಿಗಳಷ್ಟೇ ಅವಶ್ಯವಾದ ಉಪಕರಣವಾಗಿದೆ. ಗೊಬ್ಬರ ತರಲು, ಹಸಿ ಅಡಿಕೆಯ ಗೊನೆ ಸಾಗಿಸಲು, ಕಾಫಿ ಹಣ್ಣನ್ನು ಪಲ್ಪರಿಗೆ ಒಯ್ಯಲು, ಒಣಗಿದ ಮಾಲನ್ನು ಮಂಡಿಗೆ ಮುಟ್ಟಿಸಲು ಅದೇ ಬೇಕು. ಕತ್ತಿ ಮೊಂಡಾದರೆ ಆ ದಿನವೇ ಮಸೆಯುತ್ತಾರೆ. ಬ್ರೇಕ್ ಒತ್ತಿದಾಗ ವಾಹನ ಎಡಕ್ಕೋ ಬಲಕ್ಕೋ ಎಳೆದರೆ ಮಾತ್ರ "ಸ್ಟಿಯರಿಂಗ್ ಸ್ವಲ್ಪ ಗಟ್ಟಿ ಹಿಡಿದರಾಯಿತು" ಎಂದು ಸುಗ್ಗಿ ಮುಗಿಯುವವರೆಗೆ ತಳ್ಳಿಬಿಡುವುದುಂಟು. ಇದು ಅಪಾಯದ ರೂಢಿ. ಈ ದೋಷದ ಕಾರಣವನ್ನು ಬೆಳೆಗಾರನೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ದುರಸ್ತಿಯನ್ನು ಮಿಸ್ತ್ರಿಯೇ ಮಾಡಲಿ. ಆದರೆ ಯಾವ ಚಕ್ರದಲ್ಲಿ ದೋಷವಿದೆಯೆಂದು ತಿಳಿದು ಹೋದವನಿಗೆ ಹಣವೂ ಉಳಿಯುತ್ತದೆ, ಜೀವಕ್ಕೂ ಕ್ಷೇಮ.

ದೋಷ ಬಯಲಾಗುವ ರಸ್ತೆ

ಮಲೆನಾಡಿನ ರಸ್ತೆಗಳಲ್ಲಿ ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ, ಗಂಟೆಗೆ 25–30 ಕಿಲೋಮೀಟರ್ ವೇಗದಲ್ಲಿ ಹೋಗುತ್ತೇವೆ. ತಿರುವಿಗೊಮ್ಮೆ ಸ್ಟಿಯರಿಂಗ್ ತಿರುಗಿಸುತ್ತಲೇ ಇರುವುದರಿಂದ ವಾಹನ ಎಳೆದದ್ದು ಕೈಗೆ ತಿಳಿಯುವುದೇ ಇಲ್ಲ.

ಅದೇ ಪಿಕಪ್ ಮಾಲು ಹೇರಿಕೊಂಡು ಚಿತ್ರದುರ್ಗ, ಹೊಸಪೇಟೆ, ವಿಜಯಪುರ, ಕಲಬುರಗಿಗಳನ್ನು ದಾಟಿ ಬೀದರ್ ಅಥವಾ ಹೈದರಾಬಾದಿನ ಕಡೆಗೆ ಹೊರಟಿತೆನ್ನಿ. ಈ ದಾರಿ ಇಂದು 50ನೆಯ ರಾಷ್ಟ್ರೀಯ ಹೆದ್ದಾರಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ಹಾದು ಹುಮನಾಬಾದಿಗೆ ಬಂದಾಗ ಅದು ಪುಣೆ–ಹೈದರಾಬಾದ್ ಹೆದ್ದಾರಿಯನ್ನು ಸೇರುತ್ತದೆ. 2010ರವರೆಗೆ 9ನೆಯ ಸಂಖ್ಯೆಯದಾಗಿದ್ದ ಆ ಹೆದ್ದಾರಿಗೆ ಈಗ 65ನೆಯ ಸಂಖ್ಯೆ. ಅದರಲ್ಲಿ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ, ಪೂರ್ವಕ್ಕೆ ಹೋದರೆ ಜಹೀರಾಬಾದ್, ಹೈದರಾಬಾದ್.

ಇಲ್ಲಿ ರಸ್ತೆ ನೇರ, ಅಗಲ. ವೇಗ ತಾನಾಗಿಯೇ 70–80ಕ್ಕೆ ಏರುತ್ತದೆ. ಭಾರವಾದ ಲಾರಿಗಳು ಹಿಂದೆಮುಂದೆ ಇರುತ್ತವೆ. ಕಬ್ಬು ನುರಿಸುವ ಕಾಲದಲ್ಲಂತೂ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಕತ್ತಲೆಯಲ್ಲಿ ಥಟ್ಟನೆ ಎದುರಾಗುತ್ತವೆ. ಬ್ರೇಕನ್ನು ಪೂರ್ತಿ ಬಲದಿಂದ ಒತ್ತುವ ಪ್ರಸಂಗ ಬರುವುದು ಇಂಥಲ್ಲಿಯೇ. ಗಂಟೆಗೆ 75 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 21 ಮೀಟರ್ ಮುಂದಕ್ಕೆ ಹೋಗುತ್ತದೆ. ವೇಗ 25ರಿಂದ 75ಕ್ಕೆ, ಅಂದರೆ ಮೂರರಷ್ಟು ಏರಿದರೆ, ಬ್ರೇಕ್ ನುಂಗಬೇಕಾದ ಶಕ್ತಿ ಒಂಬತ್ತರಷ್ಟಾಗುತ್ತದೆ. ಘಾಟಿಯಲ್ಲಿ ಒಂದು ಗೇಣು ಎಳೆಯುತ್ತಿದ್ದ ಗಾಡಿ ಇಲ್ಲಿ ಪಕ್ಕದ ಸಾಲಿಗೇ ನುಗ್ಗಬಹುದು. ಎಡಕ್ಕೆ ಎಳೆದರೆ ರಸ್ತೆಯಂಚಿನಲ್ಲಿ ಬೈಕಿನವರೂ ಪಾದಚಾರಿಗಳೂ ಇರುತ್ತಾರೆ. ಮಳೆಗಾಲದಲ್ಲಿ ಅಂಚಿನ ಕಪ್ಪುಮಣ್ಣು ಚಕ್ರವನ್ನು ಹೂತುಕೊಳ್ಳುತ್ತದೆ. ಎರಡೇ ಸಾಲಿನ ರಸ್ತೆಯಲ್ಲಿ ಬಲಕ್ಕೆ ಎಳೆದರೆ ಎದುರಿನ ವಾಹನವೇ ಗತಿ. ಆದುದರಿಂದ ಬಯಲುಸೀಮೆಯ ಪ್ರಯಾಣಕ್ಕೆ ಮೊದಲೇ, ಮನೆಯ ಅಂಗಳದಲ್ಲಿ ದೋಷವನ್ನು ಪತ್ತೆ ಮಾಡಿಕೊಳ್ಳುವುದು ಜಾಣತನ.

ಎಳೆಯುವುದೇಕೆ?

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಮೇಲೆ ಒತ್ತಡ ಬೀಳುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದು 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ಎಂಬ ಫ್ರೆಂಚ್ ವಿಜ್ಞಾನಿ ಕಂಡುಕೊಂಡ ನಿಯಮ. ಅದರಂತೆ ಎಡ, ಬಲ ಮುಂಚಕ್ರಗಳಿಗೆ ಒಂದೇ ಒತ್ತಡ ಹೋಗಬೇಕು, ಎರಡೂ ಸಮನಾಗಿ ಹಿಡಿಯಬೇಕು.

ತೋಟದ ಸ್ಪ್ರಿಂಕ್ಲರನ್ನು ನೆನೆಯಿರಿ. ಒಂದೇ ಪಂಪು, ಎರಡು ಕವಲು, ಎರಡು ಜೆಟ್ಟು. ಒಂದು ಜೆಟ್ಟು ದೂರಕ್ಕೆ ಚಿಮ್ಮಿ ಇನ್ನೊಂದು ತೊಟ್ಟಿಕ್ಕುತ್ತಿದ್ದರೆ ಯಾರೂ ಪಂಪನ್ನು ಬಿಚ್ಚುವುದಿಲ್ಲ. ತೊಟ್ಟಿಕ್ಕುವ ಕವಲಿನಲ್ಲಿ ಕಸ ಹುಡುಕುತ್ತಾರೆ. ಬ್ರೇಕಿನ ವಿಷಯವೂ ಹೀಗೆಯೇ. ಎಳೆತದ ಕಾರಣ ಸಾಮಾನ್ಯವಾಗಿ ಚಕ್ರದಲ್ಲಿ ಅಥವಾ ಆ ಚಕ್ರಕ್ಕೆ ಹೋಗುವ ಪೈಪಿನಲ್ಲಿ ಇರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ವಾಹನವು ಬ್ರೇಕ್ ಹೆಚ್ಚು ಹಿಡಿಯುವ ಚಕ್ರದ ಕಡೆಗೆ ಎಳೆಯುತ್ತದೆ. ಎತ್ತಿನ ಗಾಡಿಯ ಎಡಗಾಲಿಯನ್ನು ಹಿಡಿದು ನಿಲ್ಲಿಸಿದರೆ ಗಾಡಿ ಎಡಕ್ಕೇ ತಿರುಗುತ್ತದಲ್ಲವೆ? ಆದುದರಿಂದ ಪಿಕಪ್ ಎಡಕ್ಕೆ ಎಳೆದರೆ ಎಡ ಬ್ರೇಕ್ ಸರಿಯಾಗಿದ್ದು, ಬಲ ಬ್ರೇಕೇ ಹಿಡಿಯದೆ ಇರುವ ಸಂಭವ ಬಹಳ. ಎಳೆದ ಕಡೆಯ ಚಕ್ರವನ್ನು ಮಾತ್ರ ಬಿಚ್ಚಿ ನೋಡಿ "ಎಲ್ಲ ಸರಿಯಾಗಿದೆ" ಎಂದು ಮುಚ್ಚಿಬಿಟ್ಟರೆ ದೋಷ ಇನ್ನೊಂದು ಕಡೆ ಹಾಗೆಯೇ ಉಳಿಯುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಜನಸಂಚಾರವಿಲ್ಲದ, ಒಣಗಿದ, ಸಮತಟ್ಟಾದ ನೇರ ರಸ್ತೆಯಲ್ಲಿ ಖಾಲಿ ವಾಹನವನ್ನು ಗಂಟೆಗೆ 30–40 ಕಿಲೋಮೀಟರ್ ವೇಗದಲ್ಲಿ ನಡೆಸಿ ನೋಡಬೇಕು. ಸ್ಟಿಯರಿಂಗನ್ನು ಹಗುರವಾಗಿ ಹಿಡಿದಿರಬೇಕು, ಕೈ ಬಿಡಬಾರದು. ಹೆದ್ದಾರಿ ಈ ಪರೀಕ್ಷೆಗೆ ತಕ್ಕ ಜಾಗವಲ್ಲ.

1. ಬ್ರೇಕ್ ಒತ್ತದಿದ್ದಾಗಲೂ ಎಳೆಯುತ್ತದೆಯೆ? ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ತುಸು ಜಾರುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಟಯರಿನ ಗಾಳಿ, ಚಕ್ರಗಳ ಅಲೈನ್‌ಮೆಂಟ್, ಅಥವಾ ಬಿಡದೆ ಹಿಡಿದುಕೊಂಡಿರುವ ಬ್ರೇಕ್ ಕಾರಣ. ಹಿಡಿದುಕೊಂಡಿರುವ ಬ್ರೇಕಾದರೆ ವಾಹನ ಆ ಚಕ್ರದ ಕಡೆಗೇ ಎಳೆಯುತ್ತದೆ.

2. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೆಯೆ? ಹಾಗಿದ್ದರೆ ಎರಡು ಮುಂಬ್ರೇಕುಗಳು ಸಮನಾಗಿಲ್ಲ. ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಕ್ಕೆ ಬಾಗುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂಚಕ್ರಗಳದೇ.

3. ಸ್ಟಿಯರಿಂಗ್ ಕೈಯಲ್ಲಿ ತಿರುಗುತ್ತದೆಯೋ, ಇಲ್ಲವೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆಯೋ? ಸ್ಟಿಯರಿಂಗ್ ಜಗ್ಗಿದರೆ ದೋಷ ಮುಂದೆ, ಬಾಲ ಬೀಸಿದಂತಾದರೆ ಹಿಂದೆ.

4. ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ತೂಗುತ್ತದೆಯೆ? ಆಗ ಸಸ್ಪೆನ್ಷನ್ನಿನ ಬುಷ್, ಬಾಲ್ ಜಾಯಿಂಟ್ ಅಥವಾ ಸ್ಟಿಯರಿಂಗ್ ಭಾಗಗಳ ಸಡಿಲನ್ನು ಶಂಕಿಸಬೇಕು.

5. ಹಳ್ಳ ದಾಟಿದ ಮೇಲೆ ಅಥವಾ ಜೋರು ಮಳೆಯಲ್ಲಿ ಮಾತ್ರ ಎಳೆಯುತ್ತದೆಯೆ? ಒಂದು ಕಡೆಯ ಬ್ರೇಕಿಗೆ ನೀರು ಹೊಕ್ಕಿದೆ. ನಿಧಾನವಾಗಿ ಚಲಿಸುತ್ತ ಹಗುರವಾಗಿ ನಾಲ್ಕಾರು ಸಲ ಒತ್ತಿದರೆ ಆರುತ್ತದೆ. ಆರಿದ ಮೇಲೂ ಎಳೆತ ಉಳಿದರೆ ಕಾರಣ ಬೇರೆ.

ಹೊರಗಿನಿಂದ ನೋಡಬೇಕಾದುದು

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಖರ್ಚಿಲ್ಲದ ಸಂಗತಿಗಳನ್ನು ನೋಡಬೇಕು. ಬೆಳಿಗ್ಗೆ ವಾಹನ ಓಡುವ ಮುನ್ನ, ಟಯರ್ ತಣ್ಣಗಿದ್ದಾಗ, ಎರಡೂ ಮುಂಚಕ್ರಗಳ ಗಾಳಿಯನ್ನು ಗೇಜಿನಿಂದ ಅಳೆಯಬೇಕು. ಕಾಲಿನಿಂದ ಒದ್ದು ನೋಡುವುದು ಅಳತೆಯಲ್ಲ. ಒಂದು ಕಡೆ ಹೊಸ ಟಯರ್, ಇನ್ನೊಂದು ಕಡೆ ಸವೆದ ಸ್ಟೆಪ್ನಿ ಹಾಕಿದ್ದರೂ ಎಳೆತ ಬರುತ್ತದೆ. ಎರಡು ಮುಂಟಯರುಗಳನ್ನು ಪರಸ್ಪರ ಬದಲಿಸಿದಾಗ ಎಳೆತದ ದಿಕ್ಕೂ ಬದಲಾದರೆ ದೋಷ ಟಯರಿನದೇ.

ಹಸಿ ಕಾಫಿ ಹಣ್ಣಿನ ಚೀಲಗಳನ್ನೋ ನೀರಿನ ಪೀಪಾಯಿಯನ್ನೋ ಒಂದೇ ಪಕ್ಕಕ್ಕೆ ಹೇರಿದ್ದರೆ ಎಡಬಲ ಚಕ್ರಗಳ ಮೇಲಿನ ಭಾರ ಬೇರೆಯಾಗುತ್ತದೆ. ಹಿಂದಿನ ಕಮಾನು ಪಟ್ಟಿಗಳನ್ನು ಆಕ್ಸಲಿಗೆ ಬಿಗಿದಿರುವ ಯು-ಬೋಲ್ಟುಗಳು ಸಡಿಲವಾಗಿದ್ದರೆ, ಅಥವಾ ನಡುವಿನ ಬೋಲ್ಟ್ ಮುರಿದಿದ್ದರೆ, ಬ್ರೇಕ್ ಹಾಕಿದಾಗ ಆಕ್ಸಲೇ ಸರಿದು ವಾಹನ ಓರೆಯಾಗುತ್ತದೆ. ತೋಟದ ಕಲ್ಲುದಾರಿಯಲ್ಲಿ ಭಾರ ಹೊರುವ ಗಾಡಿಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಕೊನೆಗೆ ನಾಲ್ಕೂ ಚಕ್ರಗಳ ಒಳಮೈಯನ್ನು ಟಾರ್ಚ್ ಹಾಕಿ ನೋಡಬೇಕು. ಒದ್ದೆಯಾಗಿ ಎಣ್ಣೆ ಜಿನುಗಿದ ಗುರುತಿದ್ದರೆ ಹುಡುಕಾಟ ಅರ್ಧ ಮುಗಿದಂತೆ.

ಬಿಸಿಯ ಪರೀಕ್ಷೆ

ಬ್ರೇಕ್ ಎಂದರೆ ಉಜ್ಜುವುದು, ಉಜ್ಜಿದರೆ ಶಾಖ. ಈ ಸರಳ ಸಂಗತಿಯೇ ಒಳ್ಳೆಯ ಪರೀಕ್ಷೆಯಾಗುತ್ತದೆ.

ಮೊದಲನೆಯದಾಗಿ, ಬ್ರೇಕನ್ನು ಆದಷ್ಟು ಬಳಸದೆ ನಾಲ್ಕೈದು ಕಿಲೋಮೀಟರ್ ಓಡಿಸಿ, ಗೇರ್ ಇಳಿಸುತ್ತ ತಾನಾಗಿ ನಿಲ್ಲುವಂತೆ ಮಾಡಬೇಕು. ಇಳಿದು ಪ್ರತಿಯೊಂದು ಚಕ್ರದ ಬಳಿ ಅಂಗೈ ಒಡ್ಡಬೇಕು; ಮುಟ್ಟಬಾರದು, ಚರ್ಮ ಸುಟ್ಟೀತು. ಒಂದು ಚಕ್ರ ಮಾತ್ರ ಬಿಸಿಯಾಗಿದ್ದರೆ ಆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಕೆಟ್ಟ ಬೇರಿಂಗೂ ಹೀಗೆ ಬಿಸಿಯಾಗುವುದುಂಟು, ಆದರೆ ಅದು ಸಾಮಾನ್ಯವಾಗಿ ಗುಂಯ್‌ಗುಡುತ್ತದೆ.

ಎರಡನೆಯದಾಗಿ, ಸುರಕ್ಷಿತ ಜಾಗದಲ್ಲಿ ಹತ್ತು ಸಲ ಚೆನ್ನಾಗಿ ಬ್ರೇಕ್ ಒತ್ತಿ ನಿಲ್ಲಿಸಿ ಮತ್ತೆ ನೋಡಬೇಕು. ಈಗ ಎರಡು ಮುಂಚಕ್ರಗಳೂ ಸಮನಾಗಿ ಬಿಸಿಯಾಗಿರಬೇಕು. ಒಂದು ತಣ್ಣಗಿದ್ದರೆ ಅದು ಕೆಲಸಗಳ್ಳ. ವಾಹನ ಎಡಕ್ಕೆ ಎಳೆದು ಬಲ ಮುಂಚಕ್ರ ತಣ್ಣಗಿದ್ದರೆ ಅಲ್ಲಿಗೆ ಸಾಕ್ಷಿ ಪೂರ್ಣವಾಯಿತು.

ಬಿಸಿಯಾದ ಡಿಸ್ಕ್ ಅಥವಾ ಡ್ರಮ್ಮಿಗೆ ಎಂದೂ ನೀರು ಸುರಿಯಬಾರದು. ಲೋಹ ಸೊಟ್ಟಗಾಗಬಹುದು, ಬಿರುಕು ಬಿಡಬಹುದು.

ಜಾಕ್ ಹಾಕಿ ನೋಡುವುದು

ಸಮತಟ್ಟಾದ ಗಟ್ಟಿ ನೆಲದಲ್ಲಿ ಖಾಲಿ ವಾಹನ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಡಬೇಕು. ಮುಂಚಕ್ರವನ್ನು ಎತ್ತಿದ ಮೇಲೆ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಯಾರೂ ವಾಹನದಡಿ ನುಸುಳಬಾರದು.

ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಚಕ್ರ ತಿರುಗಿಸಲಿ. ಒತ್ತಿದಾಗ ಅಲುಗಬಾರದು, ಬಿಟ್ಟೊಡನೆ ಸಲೀಸಾಗಿ ತಿರುಗಬೇಕು. ತುಸು ಸವರಿದ ಸದ್ದು ಬಂದರೆ ಚಿಂತೆಯಿಲ್ಲ. ಚಕ್ರದ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲವಾಗಿದೆ.

ಪೆಡಲ್ ಬಿಟ್ಟರೂ ಚಕ್ರ ಬಿಗಿಯಾಗಿಯೇ ಇದ್ದರೆ, ಮಿಸ್ತ್ರಿಯು ಆ ಚಕ್ರದ ಬ್ಲೀಡಿಂಗ್ ನಿಪ್ಪಲನ್ನು ತುಸು ಸಡಿಲಿಸಿ ನೋಡಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಹಿಂದಿರುಗದೆ ಪೈಪಿನಲ್ಲಿ ಸಿಕ್ಕಿಕೊಂಡಿದೆ, ಅಂದರೆ ರಬ್ಬರ್ ಹೋಸ್ ಒಳಗೆ ಉಬ್ಬಿದೆ ಅಥವಾ ತೊಂದರೆ ಇನ್ನೂ ಹಿಂದಿದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ ಅಥವಾ ಪಿನ್ನುಗಳು ತುಕ್ಕಿನಿಂದ ಕಚ್ಚಿಕೊಂಡಿವೆ. ಈ ಒಂದು ಪರೀಕ್ಷೆ ಮಾಡದೆ ಕ್ಯಾಲಿಪರ್ ಬದಲಿಸಿ, ದೋಷ ಹೋಗದೆ ಆಮೇಲೆ ಹೋಸ್ ಬದಲಿಸಿದರೆ ಎರಡು ಖರ್ಚು. ಹೀಗೆ ಬಿಚ್ಚಿದ ಮೇಲೆ ಗಾಳಿ ತೆಗೆಯುವುದು, ಅಂದರೆ ಬ್ಲೀಡಿಂಗ್ ಮಾಡುವುದು, ಕಡ್ಡಾಯ.

ಬಿಚ್ಚಿದಾಗ ಕಾಣುವ ದೋಷಗಳು

ಇಂದಿನ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಳೆಯ ಜೀಪುಗಳಲ್ಲಿ ನಾಲ್ಕೂ ಡ್ರಮ್.

ಕ್ಯಾಲಿಪರ್ ಪಿನ್ ಕಚ್ಚಿಕೊಂಡಿರುವುದು: ಒಂದೇ ಚಕ್ರದ ಒಳಗಿನ ಪ್ಯಾಡ್ ಬಹಳ ಸವೆದು ಹೊರಗಿನದು ಹಾಗೆಯೇ ಉಳಿದಿದ್ದರೆ ಇದೇ ಕಾರಣ. ಪಿನ್ ತೆಗೆದು ಶುಚಿಗೊಳಿಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಗವಸನ್ನು ಬದಲಿಸಬೇಕು.

ಪಿಸ್ಟನ್ ಕಚ್ಚಿಕೊಂಡಿರುವುದು: ಎರಡೂ ಪ್ಯಾಡುಗಳು ಸವೆಯದೆ ಹೊಸದರಂತಿದ್ದು, ಎದುರು ಚಕ್ರದವು ಸವೆದಿರುತ್ತವೆ. ಸವೆಯದ ಪ್ಯಾಡನ್ನು ಕಂಡು ಸಂತೋಷಪಡಬಾರದು, ಅದು ದುಡಿದಿಲ್ಲ.

ಎಣ್ಣೆ, ಗ್ರೀಸ್ ತಗಲಿರುವುದು: ಎಣ್ಣೆ ಕುಡಿದ ಪ್ಯಾಡ್ ಸಾಮಾನ್ಯವಾಗಿ ಜಾರುತ್ತದೆ, ವಾಹನ ಎದುರು ಪಕ್ಕಕ್ಕೆ ಎಳೆಯುತ್ತದೆ. ಡ್ರಮ್ಮಿನಲ್ಲಿ ಕೆಲವೊಮ್ಮೆ ಅಂಟಿಕೊಂಡು ಥಟ್ಟನೆ ಹಿಡಿಯುವುದೂ ಉಂಟು. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಲೈನಿಂಗ್ ಬದಲಿಸಬೇಕು. ಬೆಂಕಿಗೆ ಹಿಡಿದು ಸುಟ್ಟು, ಮರಳುಕಾಗದ ಉಜ್ಜಿ ಮತ್ತೆ ಹಾಕುವ ಪದ್ಧತಿ ಬೇಡ.

ಡ್ರಮ್ಮಿನ ಅಡ್ಜಸ್ಟ್‌ಮೆಂಟ್ ಬೇರೆಬೇರೆಯಾಗಿರುವುದು: ಒಂದು ಕಡೆ ಶೂ ಬಿಗಿ, ಇನ್ನೊಂದು ಕಡೆ ಸಡಿಲ. ಬಿಗಿ ಇರುವ ಚಕ್ರ ಮೊದಲು ಹಿಡಿಯುತ್ತದೆ.

ಭಾರ ನೋಡಿ ಒತ್ತಡ ಹಂಚುವ ವಾಲ್ವ್: ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ ಬಳಿ ಸಣ್ಣ ಸನ್ನೆಯೊಂದಿಗೆ ಇದು ಇರುತ್ತದೆ. ತುಕ್ಕು ಹಿಡಿದರೆ ಖಾಲಿ ಗಾಡಿಯಲ್ಲಿ ಹಿಂಚಕ್ರ ಲಾಕ್ ಆಗಿ ಬಾಲ ಬೀಸಬಹುದು.

ತೋಟದ ವಾಹನದ ವಿಶೇಷ ಶತ್ರುಗಳು

ಬೋರ್ಡೋ ದ್ರಾವಣದ ಹದ ನೋಡಲು ಬೆಳೆಗಾರರು ಅದರಲ್ಲಿ ಉಕ್ಕಿನ ಚಾಕು ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ತಿಳಿಯುತ್ತಾರೆ. ಆ ಕೆಂಪು ತಾಮ್ರ. ಮೈಲುತುತ್ತವು ಕಬ್ಬಿಣವನ್ನು ಕರಗಿಸಿ ತನ್ನ ತಾಮ್ರವನ್ನು ಅಲ್ಲಿ ಬಿಟ್ಟಿರುತ್ತದೆ. ಚಾಕುವಿಗೆ ಆಗುವುದು ಪಿಕಪ್ಪಿನ ಉಕ್ಕಿನ ಬ್ರೇಕ್ ಪೈಪಿಗೂ ನಿಪ್ಪಲಿಗೂ ಆಗದಿರುತ್ತದೆಯೆ? ಕೊಳೆರೋಗದ ಔಷಧಿಯ ಮೈಲುತುತ್ತ, ಚೀಲ ಹರಿದು ಚೆಲ್ಲಿದ ಪೊಟ್ಯಾಷ್ ಗೊಬ್ಬರ ತಳದ ಸಂದಿಯಿಂದ ಇಳಿದು ಮಳೆಯ ತೇವದೊಡನೆ ಸೇರಿ ಲೋಹವನ್ನು ತಿನ್ನುತ್ತವೆ. ಇಂಥ ಮಾಲು ಸಾಗಿಸಿದ ದಿನವೇ ತಳಭಾಗವನ್ನು ಹೇರಳ ನೀರಿನಿಂದ ತೊಳೆಯಬೇಕು.

ಎರಡನೆಯ ಶತ್ರು ನಿಂತ ಗಾಡಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವಾಹನದ ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸಬೇಕು. ಬಹುದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡುವುದು ಮೇಲು.

ಮೂರನೆಯದು ಹಳೆಯ ಬ್ರೇಕ್ ಆಯಿಲ್. ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಒಂದೇ ಚಕ್ರ ಎರಡರ ಕೆಲಸ ಮಾಡುತ್ತಿದ್ದರೆ ಅಲ್ಲಿ ಆಯಿಲ್ ಕುದಿದು ಪೆಡಲ್ ತಳ ಮುಟ್ಟುವ ಅಪಾಯವಿದೆ. ಎರಡು ವರ್ಷಕ್ಕೊಮ್ಮೆ, ಕಂಪನಿಯ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಬದಲಿಸಬೇಕು. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆಗಳು ಅಲ್ಪ ಸ್ವಲ್ಪ ಬೆರೆತರೂ ಒಳಗಿನ ರಬ್ಬರ್ ಎಲ್ಲ ಉಬ್ಬಿ ಕೆಡುತ್ತದೆ.

ದಾರಿಯಲ್ಲಿ ಕೆಟ್ಟರೆ

ದೂರದ ಪ್ರಯಾಣದಲ್ಲಿ ಎಳೆತ ಕಂಡರೆ ವೇಗ ಇಳಿಸಿ, ಮುಂದಿನ ವಾಹನದಿಂದ ದೂರ ಇಟ್ಟುಕೊಂಡು ಹತ್ತಿರದ ಊರು ಸೇರಬೇಕು. ಸುಟ್ಟ ವಾಸನೆ, ಹೊಗೆ, ತಳ ಮುಟ್ಟುವ ಪೆಡಲ್ ಇದ್ದರೆ ಒಂದು ಹೆಜ್ಜೆಯೂ ಮುಂದುವರಿಯಬಾರದು. ಹುಮನಾಬಾದಿನಲ್ಲೂ ಬಸವಕಲ್ಯಾಣದ ಹೆದ್ದಾರಿ ಬದಿಯಲ್ಲೂ ಲಾರಿ ಕೆಲಸ ಬಲ್ಲ ಗ್ಯಾರೇಜುಗಳಿವೆ. ಕನ್ನಡ, ದಖನಿ, ಮರಾಠಿ ಬೆರೆಯುವ ಸೀಮೆಯಾದರೂ ಮಾತಿಗೆ ತೊಂದರೆಯಿಲ್ಲ. "ಗಾಡಿ ಒಂದು ಕಡಿಗೆ ಎಳೀಲತ್ತದ" ಎಂದರೆ ಸಾಕು, ಅರ್ಥವಾಗುತ್ತದೆ. ಆದರೆ ಅಷ್ಟಕ್ಕೆ ನಿಲ್ಲಿಸದೆ ಯಾವ ಕಡೆಗೆ ಎಳೆಯುತ್ತದೆ, ಯಾವ ಚಕ್ರ ಬಿಸಿ, ಯಾವುದು ತಣ್ಣಗೆ ಎಂಬುದನ್ನೂ ಹೇಳಬೇಕು.

ಎಲ್ಲಿಯೇ ದುರಸ್ತಿ ಮಾಡಿಸಲಿ, ಮೂರು ನಿಯಮ ಬಿಡಬಾರದು. ಪ್ಯಾಡ್, ಲೈನಿಂಗ್, ಹೋಸುಗಳನ್ನು ಎಡಬಲ ಜೊತೆಯಾಗಿಯೇ, ಒಂದೇ ತಯಾರಿಕೆಯವನ್ನು ಹಾಕಿಸಬೇಕು. ಬಿಚ್ಚಿದ ಹಳೆಯ ಭಾಗಗಳನ್ನು ಕಣ್ಣಾರೆ ನೋಡಬೇಕು. ಎಳೆತ ಹೋಗಲೆಂದು ಚೆನ್ನಾಗಿ ಹಿಡಿಯುವ ಚಕ್ರದ ಬ್ರೇಕನ್ನು ಸಡಿಲಿಸಲು ಯಾರಿಗೂ ಒಪ್ಪಿಗೆ ಕೊಡಬಾರದು. ಆಗ ಗಾಡಿ ನೇರವಾಗಿ ಹೋಗುವುದೇನೋ ನಿಜ, ಆದರೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ವರ್ಷಕ್ಕೆರಡು ಬಾರಿ

ಮೇ ತಿಂಗಳಲ್ಲಿ, ಬೋರ್ಡೋ ಸಿಂಪಡಣೆಯ ಸಿದ್ಧತೆಯ ಜೊತೆಗೆ ಒಮ್ಮೆ. ಮಳೆ ಹಿಂದೆಗೆದು ಕೊಯ್ಲು ಆರಂಭವಾಗುವ ಮೊದಲು ಅಕ್ಟೋಬರಿನಲ್ಲಿ ಇನ್ನೊಮ್ಮೆ ನಾಲ್ಕೂ ಚಕ್ರ ತೆಗೆಸಿ ಬ್ರೇಕ್ ನೋಡಿಸಬೇಕು. ಪ್ಯಾಡಿನ ಲೈನಿಂಗ್ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಬೇಕು. ಎಫ್‌ಸಿಗಾಗಿ ರೋಲರ್ ಯಂತ್ರವಿರುವ ಪರೀಕ್ಷಾ ಕೇಂದ್ರಕ್ಕೆ ಹೋದಾಗ ಎಡಬಲ ಚಕ್ರಗಳ ಬ್ರೇಕ್ ಬಲವನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಆ ಅಂಕಿಗಳನ್ನು ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಸಲ ಹೋಲಿಸಿ ನೋಡಲು ಅನುಕೂಲ.

ವಾಹನದ ಸಾಲದ ಕಂತಿಗೆ ದಿನ ನೋಡುವಂತೆಯೇ ಬ್ರೇಕಿಗೂ ದಿನ ಗೊತ್ತುಮಾಡಿಕೊಳ್ಳಬೇಕು. ಸುಗ್ಗಿಯ ದಿನಗಳಲ್ಲಿ ಗಾಡಿ ನಡೆಸುವವನು ಮನೆಯ ಮಗನಿರಬಹುದು, ಕೂಲಿಯ ಡ್ರೈವರ್ ಇರಬಹುದು. ಕೀಲಿಕೈ ಕೊಡುವಾಗ ನಾಲ್ಕೂ ಬ್ರೇಕ್ ಸರಿಯಿದೆಯೆಂದು ತಿಳಿದು ಕೊಡುವುದು ಯಜಮಾನನ ಹೊಣೆ.